ಕುಂಡದಲ್ಲಿದ್ದ ಅರಿಶಿನದಮ್ಮ

ಮೇಲೂರಿನಲ್ಲಿ ಕದಿರಮ್ಮನಿಗೆ ಎದುರು ಮಾತಾಡುವವರು ಇಬ್ಬರೇ: ಮೊಮ್ಮಗಳು ತನುಜ, ಪಕ್ಕದ ತೋಟದ ಮುನಿಗಂಗಪ್ಪ. ಅವರಲ್ಲಿ ಮುನಿಗಂಗಪ್ಪನ ಜೊತೆ ಅಜ್ಜಿ ಮಾತು ಬಿಟ್ಟು ಒಂದು ಬೆಳೆಯೇ ಕಳೆದಿತ್ತು. ಅವನು ಕೊಟ್ಟ ಬೆಂಡೆ ಬೀಜ ಕೆಟ್ಟದ್ದು, ಅದಕ್ಕೇ ತನ್ನದೂ ಅವನದೂ ಎರಡೂ ತೋಟ ಹಳದಿಗೆ ತಿರುಗಿದವು ಎಂಬುದು ಅಜ್ಜಿಯ ತೀರ್ಪು.

ತನುಜ ಪ್ರಯೋಗಾಲಯವೊಂದರಲ್ಲಿ ತರಕಾರಿ ವೈರಸ್ಸುಗಳ ಜೀನೋಮ್, ಅಂದರೆ ಅವುಗಳ ವಂಶವಾಹಿಯ ಅಕ್ಷರಮಾಲೆ, ಓದುವವಳು. ಹೋದ ಸಲ ಬಂದಾಗ ಎರಡೂ ತೋಟದ ಎಲೆ ಕಿತ್ತುಕೊಂಡು, ಇರಲಿ ಅಂತ ತುಳಸಿಯ ಪಕ್ಕದ ಕುಂಡದಿಂದಲೂ ಒಂದೆಲೆ ಒಯ್ದಿದ್ದಳು. ಆ ಕುಂಡದ್ದೇ ಒಂದು ಕಥೆ. ತೋಟಗಳು ಕೆಡುವ ಎಷ್ಟೋ ಮುಂಚೆ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಬೆಂಡೆಗಿಡವೊಂದರ ಎಲೆಯ ನರವೆಲ್ಲ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಅರಿಶಿನ ಬಳಿದುಕೊಂಡು ಅಮ್ಮನೇ ಬಂದಿದ್ದಾಳೆಂದು ಅಜ್ಜಿ ಅದನ್ನು ಕುಂಡಕ್ಕೆ ಎತ್ತಿಟ್ಟು, ಕುಂಕುಮವಿಟ್ಟು ಸಾಕಿದ್ದಳು.

ಈಗ ಫಲಿತಾಂಶ ಲ್ಯಾಪ್‌ಟಾಪಿನಲ್ಲಿತ್ತು. ಮೂರೂ ಎಲೆಯಲ್ಲಿ ಒಂದೇ ವೈರಸ್ಸು, ಅಕ್ಷರಕ್ಕೆ ಅಕ್ಷರ ತಾಳೆ. ತೋಟಗಳ ರೋಗದ ಗಿಡಗಳನ್ನೆಲ್ಲ ಆಗಲೇ ಕಿತ್ತು ಸುಟ್ಟಾಗಿತ್ತು; ನಾಳೆ ಮುನಿಗಂಗಪ್ಪ ಮತ್ತೆ ಬಿತ್ತುವವನಿದ್ದ. ಇವತ್ತು ಕುಂಡದ ಗಿಡ ಹೋಗದಿದ್ದರೆ ಆ ಬೆಳೆಯೂ ಗೋವಿಂದ. ಆದರೆ ಸಾಕಿ ಸಲಹಿದ ಅಜ್ಜಿಗೆ, ನಿನ್ನ ದೇವರೇ ರೋಗ ಎಂದು ಹೇಳುವುದು ಹೇಗೆ? ತನುಜಳಿಗೆ ನಿಜಕ್ಕೂ ಭಯವಾಯಿತು.

"ಅಜ್ಜಿ, ಬೀಜದ್ ತಪ್ಪಲ್ಲ. ಈ ರೋಗಾನ ಬಿಳಿನೊಣ ಹೊತ್ಕೊಂಡ್ ಬರ್ತದೆ. ಮೂರೂ ಕಡೆ ಒಂದೇ ವೈರಸ್ಸು, ಅದ್ರ ಅಕ್ಷರ ಎಲ್ಲಾ ಈ ಲ್ಯಾಪ್‌ಟಾಪಲ್ಲಿ ಅವೆ. ಮೊದ್ಲು ಬಂದಿದ್ದು ನಿನ್ ಕುಂಡಕ್ಕೆ."

ಅಜ್ಜಿ ಕುಂಡದತ್ತ ತಿರುಗಿ, ಒಂದೆಲೆಯನ್ನು ಬೆರಳಲ್ಲಿ ಮಗುಚಿ ನೋಡಿದಳು. ತನುಜ ಬೈಗುಳಕ್ಕೆ ಸಿದ್ಧಳಾದಳು.

"ಅಂದ್ರೆ ಅಮ್ಮ ಬಂದಿದ್ಲು, ನಾನು ಸಾಗಿಹಾಕೋದ್ ಬಿಟ್ಟು ಮನೇಲೇ ಇಟ್ಕೊಂಡೆ ಅನ್ನು."

ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳೆನ್ನುವುದು, ಮೊಸರನ್ನ, ಬೇವಿನಸೊಪ್ಪು ಇಟ್ಟು ತಂಪು ಮಾಡಿ ಅವಳನ್ನು ಊರಗಡಿ ದಾಟಿಸುವುದು ಹಿರಿಯರ ಪದ್ಧತಿ.

"ಹಂಗೇ ಅನ್ಕೋ ಅಜ್ಜಿ."

"ಥೂ, ನನ್ ಬುದ್ಧಿಗಿಷ್ಟು! ಏಳೇ, ಗಡಿ ದಾಟಿಸಿ ಬರಾಣ."

"ಗಡಿ ಬ್ಯಾಡ! ಆಚೆ ಊರೋರ್ ಬೆಂಡೆ ಏನ್ ಪಾಪ ಮಾಡ್ತು? ನೊಣ ಹಾರದಂಗೆ ಮುಚ್ಚಿ, ಇಲ್ಲೇ ಹೂಳಾಣ."

ಅಜ್ಜಿ ಮೊಸರನ್ನದ ಎಡೆಯಿಟ್ಟಳು. "ಮುಸುಕು ಹಾಕ್ಕೋ ತಾಯಿ" ಎಂದು ಗಿಡದ ಮೇಲೆ ದೊಡ್ಡ ಪ್ಲಾಸ್ಟಿಕ್ ಕವರು ಇಳಿಸಿ ಬಿಗಿಯಾಗಿ ಕಟ್ಟಿದಳು. ಆಮೇಲೆ ಬೇಲಿಯ ಹತ್ತಿರ ಹೋಗಿ, ಇಷ್ಟು ಕಾಲ ಬಿಟ್ಟಿದ್ದ ಮಾತನ್ನು ಊರಿಗೇ ಕೇಳುವಂತೆ ಆಡಿದಳು. "ಮುನಿಗಂಗಣ್ಣಾ, ಗುದ್ಲಿ ತಗೊಂಡ್ ಬಾರಪ್ಪ! ತಪ್ಪು ನಂದು, ನಿನ್ ಬೀಜದ್ದಲ್ಲ!"

ಮುನಿಗಂಗಪ್ಪ ಗುದ್ದಲಿಯನ್ನೂ ತಂದ, ಒಂದು ಚೀಲ ಬೀಜವನ್ನೂ ತಂದ. "ಪೋನೀಲೇ, ಹೋಗ್ಲಿ ಬಿಡು ಕದಿರಕ್ಕ. ನಾಳೆ ನೀನೂ ಇದ್ನೇ ಬಿತ್ತು" ಎಂದು ಗುಂಡಿ ತೋಡಿದ. ಮೂವರೂ ಮಣ್ಣು ಮುಚ್ಚಿ, ಎಡೆಯ ಮೊಸರನ್ನವನ್ನು ಹಂಚಿಕೊಂಡು ತಿಂದರು. ತನುಜಳಿಗೆ ಆ ಖುಷಿಯಲ್ಲಿ ಎರಡು ತುತ್ತು ಹೆಚ್ಚೇ ಹೋಯಿತು.

ಅವಳು ಹೊರಟಾಗ ಅಜ್ಜಿ ಬಾಗಿಲಲ್ಲಿ ತಡೆದಳು.

"ಅಮ್ಮನ ಅಕ್ಷರ ಎಲ್ಲಾ ನಿನ್ ಲ್ಯಾಪ್‌ಟಾಪಲ್ಲಿ ಅವೆ ಅಂದ್ಯಲ್ಲ?"

"ಅವೆ ಅಜ್ಜಿ."

"ಅದ್ರೊಳಕ್ಕೆ ಬಿಳಿನೊಣ ಹೋಗಲ್ವಲ್ಲ?"

"ಹೋಗಲ್ಲ."

"ಸರಿ ಬಿಡು. ಅಲ್ಲೇ ತಣ್ಣಗಿರ್ಲಿ ತಾಯಿ." ಅಜ್ಜಿ ಲ್ಯಾಪ್‌ಟಾಪಿನ ಬೆನ್ನಿಗೆ ಅರಿಶಿನ ಸವರಿ, ಮಧ್ಯಕ್ಕೆ ಕುಂಕುಮ ಇಟ್ಟಳು.

ಮರುದಿನ ಪ್ರಯೋಗಾಲಯದಲ್ಲಿ ಎಲ್ಲರೂ ಅದೇನೆಂದು ಕೇಳಿದರು. ತನುಜ ನಕ್ಕಳೇ ಹೊರತು ಅದನ್ನು ಒರೆಸಲಿಲ್ಲ.