ಹತ್ತದ ಬಸ್ಸು

ಬಸ್ಸು ಸೇತುವೆ ದಾಟಿ ಬಲಕ್ಕೆ ಹೊರಳಿದಾಗಲೇ ಕಂಡಕ್ಟರನಿಗೆ ತಾನು ತಪ್ಪು ಬಸ್ಸು ಹತ್ತಿದ್ದು ಗೊತ್ತಾದದ್ದು. ಅಕ್ಕನ ಮನೆಯ ದಾರಿಯಲ್ಲಿ ಸೇತುವೆ ಇರಲಿಲ್ಲ. ನಂಬರೇನೋ ಸರಿಯಾಗಿಯೇ ಇತ್ತು, ನಲವತ್ತೆರಡು. ಹತ್ತು ದಿನಗಳಿಂದ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿ ಬಂದದ್ದೆಲ್ಲ ಅದರಲ್ಲೇ. ಆದರೆ ಇದು ಊರ ಒಳಕ್ಕೆ ಹೋಗುವ ಬದಲು ಹೊರಕ್ಕೆ ಹೊರಟಿತ್ತು. ಇಪ್ಪತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗಿದವನು ಅವನು. ಬೋರ್ಡು ನೋಡಿ ಹತ್ತೋದಕ್ಕೇನ್ರೀ ಕಷ್ಟ ಎಂದು ಎಷ್ಟೋ ಜನರನ್ನು ಗದರಿಸಿ ನಡುದಾರಿಯಲ್ಲಿ ಇಳಿಸಿದವನು. ಈಗ ಕಾಣದ ದೇಶದಲ್ಲಿ, ಬೆವರಿಗೆ ಬೆನ್ನಿಗಂಟಿದ ಅಂಗಿಯಲ್ಲಿ, ಕೊನೆಯ ಸೀಟಿನಲ್ಲಿ ಕೂತು ಕಿಟಕಿಯ ಮಂಜು ಒರೆಸಿಕೊಳ್ಳುತ್ತಿದ್ದ.

ಅವನು ಓಡುವುದಕ್ಕೆ ಶುರುಮಾಡಿದ್ದೇ ಅಕ್ಕನಿಗಾಗಿ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಎರಡೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳು ಒಡ್ಡಿ ಮಲಗಬೇಕು. ಉಳಿದ ದಿನಗಳಲ್ಲಿ ಒಂದು ಹೋಟೆಲಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಅದನ್ನೂ ಅರ್ಧ ದಿನಕ್ಕೆ ಇಳಿಸಿಕೊಂಡಿದ್ದಳು. ಭಾವ ತೀರಿಕೊಂಡು ಆರು ವರ್ಷ. ಮಗಳು ತನ್ನದೊಂದು ಕಿಡ್ನಿ ಕೊಡುತ್ತೇನೆ ಎಂದರೆ ಅವಳದು ಹೊಂದಲಿಲ್ಲ. ತಮ್ಮನದು ಹೊಂದಿತು. ಆ ದಿನ ಅವನೇ ಫೋನಿನಲ್ಲಿ, ನಿನ್ನ ರಕ್ತ ನನ್ನ ರಕ್ತ ಬೇರೆಬೇರೇನಾ ಅಕ್ಕಾ, ಒಂದಲ್ಲ ಎರಡೂ ತಗೋ ಎಂದು ದೊಡ್ಡದಾಗಿ ನಕ್ಕಿದ್ದ.

ಡಾಕ್ಟರುಗಳು ಎಂಟು ಕಿಲೋ ಇಳಿಸಿಕೊಂಡು ಬಾ ಎಂದರು. ಅಂದಿನಿಂದ ದಿನಾ ಬೆಳಗಿನ ಐದಕ್ಕೆ ಡಿಪೋದ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದ. ಮೊದಲ ವಾರ ನಾಯಿಗಳು ಅಟ್ಟಿಸಿಕೊಂಡು ಬಂದವು, ಎರಡನೆಯ ವಾರ ಅವಕ್ಕೂ ಬೇಜಾರಾಯಿತು. ಡಿಪೋದವರು ಗೇಟಿನಲ್ಲಿ ನಿಂತು, ಯಾವ ಬಸ್ಸು ತಪ್ಪಿತಪ್ಪಾ ಎಂದು ಕೇಳುತ್ತಿದ್ದರು. ಏಳು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದ. ಬೆಲ್ಟಿಗೆ ಮೂರು ಹೊಸ ತೂತು ಬಿತ್ತು.

ಇವತ್ತು ಎಂಟು ಗಂಟೆಗೆ ಆಸ್ಪತ್ರೆಗೆ ಸೇರಬೇಕಾಗಿತ್ತು. ನಾಳೆ ಬೆಳಿಗ್ಗೆ ಆಪರೇಷನ್ನು. ಐದಕ್ಕೆ ಎದ್ದು ಶೂಸಿನ ದಾರ ಕಟ್ಟುತ್ತಿದ್ದಾಗ ಒಳಗಿನ ಕೋಣೆಯಿಂದ ಅಕ್ಕ, ಇವತ್ತೊಂದಿನ ಬೇಡ ಬಿಡು ಪುಟ್ಟಾ ಎಂದಳು. ನಲವತ್ತಾರು ವರ್ಷವಾದರೂ ಅವಳಿಗೆ ಅವನು ಪುಟ್ಟನೇ. ಸುಮ್ಮನೆ ಕೂತರೆ ಕೈಕಾಲು ಹಿಡಿದುಕೊಳ್ಳುತ್ತವೆ, ಅರ್ಧ ಗಂಟೆಯಲ್ಲಿ ಬಂದೆ ಎಂದು ಹೊರಬಿದ್ದ. ಫೋನು ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು. ಜೇಬಿನಲ್ಲಿ ಇದ್ದದ್ದು ಅಕ್ಕ ಕೊಡಿಸಿದ ಬಸ್ಸಿನ ಕಾರ್ಡು ಒಂದೇ.

ರೈಲು ಹಳಿಯ ಬೇಲಿಯ ಗುಂಟ ಓಡುವುದು ಅವನ ದಿನದ ರೂಢಿ. ಇವತ್ತು ಮಂಜು ಎಷ್ಟಿತ್ತೆಂದರೆ ನಾಲ್ಕು ಮಾರು ಆಚೆಯ ಕಂಬ ಕಾಣುತ್ತಿರಲಿಲ್ಲ. ಹಿಂದಿನ ಸಂಜೆ ಹೆಂಡತಿ ಫೋನಿನಲ್ಲಿ ಆಡಿದ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅವಳೇನೂ ಅತ್ತಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ತಮ್ಮ ಮಗಳ ಪರೀಕ್ಷೆ ಯಾವಾಗ, ಮನೆಯ ಮೋಟರು ಕೆಟ್ಟದ್ದು, ಎಲ್ಲ ಹೇಳಿ ಕೊನೆಗೆ, ನಿಮ್ಮ ಜೋಡಿ ಡ್ರೈವರನ ಹೆಂಡತಿ ಇವತ್ತು ಸಿಕ್ಕಿದ್ದಳು ಎಂದಿದ್ದಳು. ಅಷ್ಟೇ. ಒಂಬತ್ತು ವರ್ಷ ಅವನ ಜೊತೆ ಒಂದೇ ಬಸ್ಸಿನಲ್ಲಿ ದುಡಿದ ಆ ಡ್ರೈವರು ಹರ್ನಿಯಾ ಆಪರೇಷನ್ನಿಗೆಂದು ನಡೆದುಕೊಂಡು ಆಸ್ಪತ್ರೆಗೆ ಹೋದವನು ನಡೆದುಕೊಂಡು ಬರಲಿಲ್ಲ. ಅದೇ ಗುಂಗಿನಲ್ಲಿ ಓಡಿದವನಿಗೆ ಬೇಲಿ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಕಣ್ಣುಬಿಟ್ಟು ನೋಡಿದರೆ ಒಂದೇ ಥರದ ಗೋದಾಮುಗಳ ನಡುವೆ ನಿಂತಿದ್ದ. ಗೋದಾಮೊಂದರ ಗೋಡೆಯ ಗಡಿಯಾರದಲ್ಲಿ ಆರೂ ಕಾಲು. ಅಷ್ಟರಲ್ಲಿ ಮಂಜಿನೊಳಗಿಂದ ನಲವತ್ತೆರಡು ಎಂದು ಹೊಳೆಯುತ್ತಾ ಬಸ್ಸು ಬಂತು, ದೇವರೇ ಕಳಿಸಿದ ಎಂದು ಹತ್ತಿಬಿಟ್ಟಿದ್ದ.

ತಪ್ಪಿನ ಮೇಲೆ ತಪ್ಪು. ಇಳಿಯಬೇಕೆಂದು ಏಳುವಷ್ಟರಲ್ಲಿ ಚೆಕಿಂಗಿನವರು ಇಬ್ಬರು ಹತ್ತಿದರು. ಅವನ ಕಾರ್ಡನ್ನು ತಮ್ಮ ಯಂತ್ರಕ್ಕೆ ಹಿಡಿದರೆ ಅದು ಕೀಂ ಎಂದಿತು. ಹತ್ತುವಾಗ ಬಾಗಿಲ ಬಳಿಯ ಡಬ್ಬಕ್ಕೆ ಕಾರ್ಡು ಮುಟ್ಟಿಸಬೇಕು. ಗಾಬರಿಯಲ್ಲಿ ಅವನು ಮುಟ್ಟಿಸಿರಲಿಲ್ಲ. ಪ್ರತಿಸಲ ಅಕ್ಕನೇ ಅವನ ಕೈ ಹಿಡಿದು ಮುಟ್ಟಿಸುತ್ತಿದ್ದಳು. ಟಿಕೆಟ್ಟಿಲ್ಲದವರನ್ನು ಹಿಡಿದೂ ಹಿಡಿದೂ ಕೂದಲು ನರೆತವನು ತಾನೇ ಸಿಕ್ಕಿಬಿದ್ದಿದ್ದ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾನೂ ನಿಮ್ಮ ಇಲಾಖೆಯವನೇ ಎಂದು ಹೇಳುವುದಕ್ಕೆ ಭಾಷೆ ಇಲ್ಲ. ಟಿಕೆಟ್ಟು ಹರಿಯುವಂತೆ, ಸೀಟಿ ಊದುವಂತೆ ಕೈಸನ್ನೆ ಮಾಡಿದ. ಅವರಲ್ಲಿ ವಯಸ್ಸಾದವನು ಇವನ ಬೆವರಿದ ಅಂಗಿಯನ್ನೂ ಶೂಸನ್ನೂ ನೋಡಿ, ಏನೆಂದುಕೊಂಡನೋ, ಮುಂದಿನ ನಿಲ್ದಾಣದಲ್ಲಿ ಇಳಿಯಲು ಬಾಗಿಲು ತೋರಿಸಿದ.

ಇಳಿದ ಜಾಗದಲ್ಲಿ ಒಂದು ಕಲ್ಲುಬೆಂಚು, ಗಾಜಿನ ಗೂಡು, ಎದುರಿಗೆ ಹಾಳು ಹೊಲ. ದಾಟಿ ಆಚೆ ಬದಿಗೆ ಹೋದ. ಗಾಜಿನ ಒಳಗೆ ಅಂಟಿಸಿದ್ದ ಕಾಗದದಲ್ಲಿ ಬೆರಳಿಟ್ಟು ಹುಡುಕಿದ. ಭಾಷೆ ಬಾರದಿದ್ದರೂ ಬಸ್ಸಿನ ವೇಳಾಪಟ್ಟಿ ಓದುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಊರೊಳಕ್ಕೆ ಹೋಗುವುದು ಏಳೂ ಹತ್ತಕ್ಕೆ ಒಂದು. ಅದು ತಪ್ಪಿದರೆ ಏಳೂ ಐವತ್ತೈದು. ಮೊದಲನೆಯದರಲ್ಲಿ ಹೋದರೆ ಎಂಟಕ್ಕೆ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ಇರಬಹುದಿತ್ತು. ಅಕ್ಕ, ಅವಳ ಮಗಳು ಚೀಲ ಹಿಡಿದು ಅಲ್ಲಿಗೇ ಬರುವವರು. ಸದ್ಯ, ಎಂದುಕೊಂಡು ಬೆಂಚಿನ ಮೇಲೆ ಕೂತ.

ಬೆವರು ಆರಿ ಚಳಿ ಮೂಳೆಗೆ ಇಳಿಯಿತು. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಹಾಗೆ ಕೂತಾಗ ಎಡಗೈ ಬೆರಳು ಪಕ್ಕೆಯ ಕೆಳಗೆ ತಾಗಿತು. ಡಾಕ್ಟರು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದ್ದು ಅಲ್ಲೇ. ಇಲ್ಲಿಂದ ಇಲ್ಲಿಗೆ, ಸಣ್ಣದು, ಆರು ವಾರಕ್ಕೆ ಕೆಲಸಕ್ಕೆ ಹೋಗಬಹುದು ಎಂದಿದ್ದರು. ಅವನು ಆವತ್ತು ತಲೆಯಾಡಿಸಿದ್ದ. ಏಳು ತಿಂಗಳಿನಿಂದ ತಲೆಯಾಡಿಸುತ್ತಲೇ ಬಂದಿದ್ದ. ತಲೆಯಾಡಿಸುವುದೂ ಓಡುವುದೂ ಸುಲಭವಾಗಿತ್ತು. ಓಡುತ್ತಿರುವಾಗ ಯಾವುದೂ ಹತ್ತಿರ ಬರುವುದಿಲ್ಲ.

ಏಳೂ ಹತ್ತಕ್ಕೆ ಸರಿಯಾಗಿ ಬಸ್ಸು ಬಂತು. ನಿಂತಿತು. ಬಾಗಿಲು ಉಸ್ಸೆಂದು ತೆರೆಯಿತು. ಒಳಗಿನ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ಕಾರ್ಡು ಕೈಯಲ್ಲೇ ಇತ್ತು. ಎದ್ದು ಎರಡು ಹೆಜ್ಜೆ ಇಟ್ಟರೆ ಸಾಕಾಗಿತ್ತು. ಡ್ರೈವರು, ದಪ್ಪ ಮೀಸೆಯ ಮನುಷ್ಯ, ತಿರುಗಿ ನೋಡಿದ. ಬರ್ತೀಯಾ ಎನ್ನುವ ಹಾಗೆ ಹುಬ್ಬು ಹಾರಿಸಿದ. ಇವನು ಡ್ರೈವರನನ್ನೇ ನೋಡುತ್ತಾ ಬೆಂಚಿನಲ್ಲೇ ಕೂತ. ಕಾಲು ಮರಗಟ್ಟಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ, ಮರಗಟ್ಟಿರಲಿಲ್ಲ. ಡ್ರೈವರು ಇನ್ನೂ ಒಂದು ಗಳಿಗೆ ಕಾದ. ಬಾಗಿಲು ಮುಚ್ಚಿತು. ಬಸ್ಸು ಹೋದ ಮೇಲೆ ಮಂಜಿನಲ್ಲಿ ಅದರ ಹಿಂದಿನ ಕೆಂಪು ದೀಪ ತುಂಬ ಹೊತ್ತು ಕಾಣುತ್ತಿತ್ತು.

ಮುಂದಿನ ಬಸ್ಸು ತಡವಾಗಿ ಬಂತು. ನಡುವೆ ಎಲ್ಲೋ ಕೆಟ್ಟು ನಿಂತು, ಎಲ್ಲರನ್ನೂ ಇಳಿಸಿ ಬೇರೊಂದಕ್ಕೆ ಹತ್ತಿಸಿದರು. ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆಗೆ ಐದು ನಿಮಿಷವಿತ್ತು.

ಬಾಗಿಲಲ್ಲೇ ನಿಂತಿದ್ದ ಅಕ್ಕನ ಮಗಳು ಓಡಿಬಂದು ತೋಳು ಹಿಡಿದುಕೊಂಡಳು. "ಎಲ್ಲಿ ಹೋಗಿದ್ರಿ ಮಾವಾ? ಅಮ್ಮ ಪೊಲೀಸಿಗೆ ಹೇಳಿ ಅಂತ ಕೂತಿದಾಳೆ" ಎಂದಳು. ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನೆಲ್ಲ ಹೇಳಿದ. ಮಂಜು, ಸೇತುವೆ, ಚೆಕಿಂಗಿನವರು, ಕೆಟ್ಟು ನಿಂತ ಬಸ್ಸು. ಒಂದೂ ಸುಳ್ಳಲ್ಲ. ಚೆಕಿಂಗಿನ ಕಥೆಗೆ ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಕ್ಕ ಕುರ್ಚಿಯಿಂದ ಏಳದೆ ಅವನ ಕೈ ಮುಟ್ಟಿ ನೋಡಿ, ಐಸಾಗಿದೆ ಎಂದಷ್ಟೇ ಅಂದು ತನ್ನ ಶಾಲು ತೆಗೆದು ಹೊದಿಸಿದಳು.

ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದರು. ಅಕ್ಕನ ಮಗಳು ಎಂದಿನಂತೆ ಮಾತು ತಿಳಿಸಿಕೊಡಲು ಜೊತೆಗೆ ಎದ್ದರೆ ಬೇಡವೆಂದು ಕೈ ತೋರಿಸಿ ಬಾಗಿಲು ಹಾಕಿದರು. ಮೇಜಿನ ಮೇಲಿನ ಫೋನು ಒತ್ತಿದರು. ಅದರೊಳಗಿಂದ ಒಬ್ಬ ಹೆಂಗಸಿನ ದನಿ ಅಚ್ಚ ಕನ್ನಡದಲ್ಲಿ ನಮಸ್ಕಾರ ಎಂದಿತು. ಎಲ್ಲಿಂದ ಮಾತಾಡುತ್ತಿದ್ದಳೋ. ಹಿಂದೆ ಎಲ್ಲೋ ಕುಕ್ಕರು ಕೂಗಿದ್ದು ಕೇಳಿಸಿತು.

"ಅವರ ಮಾತು ನಿಮಗೆ, ನಿಮ್ಮ ಮಾತು ಅವರಿಗೆ ಹೇಳ್ತೀನಿ. ನನ್ನದು ಅಂತ ಒಂದು ಮಾತೂ ಸೇರಿಸಲ್ಲ. ಹೊರಗೆ ಯಾರಿಗೂ ಹೇಳಲ್ಲ" ಎಂದಿತು ದನಿ.

ತಡವಾದದ್ದು ದೊಡ್ಡ ವಿಷಯವಲ್ಲ, ರಕ್ತ ಈಗ ತೆಗೆದುಕೊಂಡರೂ ನಾಳೆಗೆ ಎಲ್ಲ ಆಗುತ್ತದೆ ಎಂದರು ಡಾಕ್ಟರಮ್ಮ. ಆದರೆ ಕೊಡುವವರನ್ನು ಕೊನೆಯ ದಿನ ಒಂಟಿಯಾಗಿ ಕೂರಿಸಿ ಒಂದು ಮಾತು ಕೇಳುವುದು ಇಲ್ಲಿಯ ಪದ್ಧತಿಯಂತೆ. ಬೆಳಿಗ್ಗೆ ಏನಾಯಿತು ಎಂದರು. ಅವನು ಮತ್ತೆ ಮಂಜಿನಿಂದ ಶುರುಮಾಡಿದ. ಸೇತುವೆ ಬಂತು, ಚೆಕಿಂಗಿನವರು ಬಂದರು. ದನಿ ಒಂದೊಂದನ್ನೂ ಆ ಭಾಷೆಗೆ ತಿರುಗಿಸುತ್ತಾ ಹೋಯಿತು. ಬೆಂಚಿನ ತನಕ ಬಂದು ಅವನು ನಿಂತ.

"ಒಂದು ಬಸ್ಸು ಬಂದಿತ್ತು" ಎಂದ. "ಸರಿಯಾದ ಬಸ್ಸು. ಬಾಗಿಲೂ ತೆಗೆದ. ನಾನು ಹತ್ತಲಿಲ್ಲ."

ದನಿ ಅದನ್ನೂ ತಿರುಗಿಸಿ ಹೇಳಿತು. ಇಷ್ಟು ಚಿಕ್ಕ ಮಾತಿಗೆ ಆ ಭಾಷೆಯಲ್ಲಿ ಇನ್ನೂ ಕಡಿಮೆ ಶಬ್ದ ಸಾಕಾಯಿತು.

ಡಾಕ್ಟರಮ್ಮ ಕನ್ನಡಕ ತೆಗೆದರು. ಹೆದರಿಕೆ ಎಲ್ಲರಿಗೂ ಇರುತ್ತದೆ, ಹೆದರಿಕೊಂಡೇ ಕೊಡುವವರೂ ಇದ್ದಾರೆ, ನೀವು ಕೊಡಬೇಕು ಅಂತಿದ್ದೀರಾ ಎಂದು ಕೇಳಿದರು. ಅವನಿಗೆ ಹೂಂ ಎನ್ನಬೇಕೆನಿಸಿತು. ತಾಯಿ ಹೋದಾಗ ಅವನಿಗೆ ಮೂರು ವರ್ಷ, ಅಕ್ಕನಿಗೆ ಹನ್ನೊಂದು. ಸೊಂಟದ ಮೇಲೆ ಅವನನ್ನು ಕೂರಿಸಿಕೊಂಡೇ ಶಾಲೆಗೆ ಹೋಗಿ, ಮೇಷ್ಟರು ಬೈದದ್ದಕ್ಕೆ ಅವನನ್ನು ಬಿಡದೆ ಶಾಲೆಯನ್ನೇ ಬಿಟ್ಟವಳು. ಹೂಂ ಎನ್ನಲು ಬಾಯಿ ತೆರೆದ. ಉಸಿರು ಮಾತ್ರ ಬಂತು. ತಲೆಯಾಡಿಸೋಣವೆಂದರೆ, ಏಳು ತಿಂಗಳಿಂದ ತಾನಾಗಿಯೇ ಆಡುತ್ತಿದ್ದ ತಲೆ ಈಗ ಅಲುಗಲಿಲ್ಲ.

ಡಾಕ್ಟರಮ್ಮ ಬಹಳ ಹೊತ್ತು ಕಾದರು. ಕೊನೆಗೆ ದನಿ ಹೇಳಿತು: "ಮೌನ ಒಪ್ಪಿಗೆ ಅಲ್ಲ ಅಂತಿದಾರೆ ಅವರು. ನಿಮ್ಮ ಅಕ್ಕನಿಗೆ, ನಿಮ್ಮ ಟೆಸ್ಟಲ್ಲಿ ಏನೋ ಸರಿಬರಲಿಲ್ಲ ಅಂತಷ್ಟೇ ಹೇಳ್ತಾರಂತೆ. ಯಾಕೆ ಅಂತ ಹೇಳಲ್ಲ. ನೀವೂ ಹೇಳಬೇಕಾಗಿಲ್ಲ."

"ಅದು ಸುಳ್ಳಾಗಲ್ವಾ?" ಎಂದ ಅವನು.

ದನಿ ಅದನ್ನು ತಿರುಗಿಸಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಎದ್ದು ಬಾಗಿಲು ತೆರೆದರು.

ಅವನು ಹೊರಗೆ ಕೂತ, ಅಕ್ಕ ಮತ್ತು ಮಗಳು ಒಳಗೆ ಹೋದರು. ಐದು ನಿಮಿಷವೂ ಆಗಲಿಲ್ಲ. ಮಗಳು ಹೊರಬಂದವಳೇ ಅವನ ಕಡೆ ನೋಡದೆ, ಅಮ್ಮ ನಾಳೆ ಕೆಲಸಕ್ಕೆ ಬರ್ತಾಳೆ ಎಂದು ಹೋಟೆಲಿಗೆ ತಿಳಿಸುವುದಕ್ಕೆ ಫೋನು ಹಿಡಿದು ಮೆಟ್ಟಿಲ ಕಡೆ ಹೋದಳು. ಅಕ್ಕ ನಿಧಾನವಾಗಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ನಿನ್ನ ಟೆಸ್ಟಲ್ಲಿ ಏನೋ ಸರಿಬರಲಿಲ್ಲವಂತೆ" ಎಂದಳು. "ಏನು ಅಂತ ಹೇಳಲ್ಲ ಅಂದರು. ಊರಿಗೆ ಹೋದ ಕೂಡಲೇ ಒಳ್ಳೆ ಡಾಕ್ಟರಿಗೆ ತೋರಿಸ್ಕೋ. ಅಸಡ್ಡೆ ಮಾಡಬೇಡ, ಹೆಂಡತಿ ಮಕ್ಕಳಿರೋನು."

ಅವನು ಅವಳ ಮುಖ ನೋಡಿದ. ತುಂಬಿದ ಬಸ್ಸಿನಲ್ಲಿ ಯಾರ ಹತ್ತಿರ ಟಿಕೆಟ್ಟಿದೆ, ಯಾರ ಹತ್ತಿರ ಇಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದವನು ಅವನು. ಅಕ್ಕನ ಮುಖದಲ್ಲಿ ಅವನಿಗೆ ಏನೂ ಸಿಗಲಿಲ್ಲ. ಕಣ್ಣಿನ ಕೆಳಗಿನ ಬಾವು, ಒಡೆದ ತುಟಿ, ದಿನಾ ಇರುವುದೇ.

"ಅಕ್ಕಾ, ನಾನು..." ಎಂದ.

"ಬಾಯಿ ನೋಡು ಹೇಗೆ ಒಣಗಿದೆ. ಬೆಳಗಿಂದ ತೊಟ್ಟು ನೀರೂ ಕುಡಿದಿಲ್ಲ ನೀನು" ಎಂದು ಅವಳು ಚೀಲದ ಬಾಯಿ ಬಿಚ್ಚಿದಳು. ಅವನಿಗೆಂದು ಮಡಿಸಿಟ್ಟಿದ್ದ ಟವೆಲು, ಹೊಸ ಚಪ್ಪಲಿ ಸರಿಸಿ ಅಡಿಯಿಂದ ಒಂದು ಸಣ್ಣ ಬಾಟಲಿ ತೆಗೆದಳು. ಅವಳು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ. ಬೆಳಿಗ್ಗೆ ಅಳೆದು ಆ ಬಾಟಲಿಗೆ ತುಂಬಿಕೊಂಡರೆ ಮಲಗುವ ತನಕ ಅದೇ. ಅದರಲ್ಲಿ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ.

ಅವನು ಬೇಡವೆಂದು ಕೈ ಅಡ್ಡ ಹಿಡಿದ. ಅವಳು ಮುಚ್ಚಳ ತೆಗೆದು ಬಾಟಲಿಯನ್ನು ಅವನ ತುಟಿಯ ಹತ್ತಿರಕ್ಕೇ ತಂದಳು.

"ಕುಡಿ" ಎಂದಳು.

ಅವನು ಕುಡಿದ. ನಿಲ್ಲಿಸಲು ನೋಡಿದಾಗಲೆಲ್ಲ ಅವಳು ಬಾಟಲಿಯ ಬುಡಕ್ಕೆ ಬೆರಳು ಕೊಟ್ಟು ಮೆಲ್ಲಗೆ ಎತ್ತುತ್ತಿದ್ದಳು. ಪೂರ್ತಿ ಬರಿದಾದ ಮೇಲೆ ಮುಚ್ಚಳ ತಿರುಗಿಸಿ, ತನ್ನ ಸೆರಗಿನ ತುದಿಯಿಂದ ಅವನ ಗದ್ದ ಒರೆಸಿದಳು.