ಕೇಳಿದರೆ ಕೋಳಿ ಹೋಗುತ್ತದೆಯೇ?

ಕೇಳಲೇಬಾರದು. ಕೇಳಿದರೆ ತಾನೆ ‘ಬೇಡ’ ಎನ್ನುವುದು? ಆದರೆ ಕೇಳದೆ ಇದ್ದು, ನಾಳೆ ಯಾರಾದರೂ ನಗರಸಭೆಗೆ ದೂರು ಕೊಟ್ಟರೆ? ಡಚ್ ಊರಾದ ನ್ಯೂವೆಗೈನ್‌ನ ಬಾಡಿಗೆ ಮನೆಯ ಕಿಟಕಿಯ ಬಳಿ ನಿಂತು ಜಲಾಲ್ ಇದನ್ನೇ ಯೋಚಿಸುತ್ತಿದ್ದ. ಅದು ೨೦೨೧ರ ಅಕ್ಟೋಬರ್. ಕೊರೊನಾ ಇನ್ನೂ ಹೋಗಿರಲಿಲ್ಲ, ಅಷ್ಟರಲ್ಲಿ ಹಕ್ಕಿಜ್ವರ ಬಂದಿತ್ತು. ಸಾಕಿದ ಕೋಳಿಗಳನ್ನು ಬಯಲಿಗೆ ಬಿಡಬೇಡಿ ಎಂದು ಸುದ್ದಿಯಲ್ಲಿ ಹೇಳಿದ್ದರು. ಅವನ ಕಿವಿಗೆ ಬಿದ್ದದ್ದು ಒಂದೇ: ಕೋಳಿಗಳನ್ನು ಒಯ್ಯುತ್ತಾರೆ.

ಹಿತ್ತಿಲಲ್ಲಿ ನಾಲ್ಕು ಹೇಂಟೆಗಳಿದ್ದವು. ಹೆಂಡತಿ ಅಸ್ಮತ್ ಅವುಗಳೊಡನೆ ದಖ್ನಿಯಲ್ಲಿ ಮಾತಾಡುತ್ತಿದ್ದಳು. ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಅವಳ ಅಮ್ಮ ತೀರಿಕೊಂಡಾಗ ಹೋಗಲು ದಾರಿಯಿರಲಿಲ್ಲ. ಮಣ್ಣು ಕೊಡುವುದನ್ನು ಫೋನಿನಲ್ಲಿ ನೋಡಿದಳು. ಆಮೇಲೆ ಎರಡು ತಿಂಗಳು ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಪಕ್ಕದ ಮನೆಯ ಅಜ್ಜಿ ಈ ಕೋಳಿಗಳನ್ನು ಕೊಟ್ಟ ದಿನ, ಹೂಕುಂಡ ಕೆದರಿದ ಒಂದನ್ನು ಅಸ್ಮತ್ ಜೋರಾಗಿ ಬೈದಳು. ಆ ಬೈಗುಳ ಕೇಳಿ ಜಲಾಲ್‌ನ ಕಣ್ಣು ತುಂಬಿತ್ತು.

ಯುಟ್ರೆಕ್ಟ್‌ನಲ್ಲಿ ಪಶುವೈದ್ಯ ಸಂಶೋಧನೆ ಮಾಡುವ, ಅವರ ಪರಿಚಯದ ಸುಪ್ರೀತಾ ಆ ಭಾನುವಾರ ಊಟಕ್ಕೆ ಬಂದಳು. ಊಟ ಮುಗಿದ ಮೇಲೆ ಅಸ್ಮತ್ ಉಳಿದ ಅನ್ನವನ್ನು ಹಿತ್ತಿಲಿಗೆ ಎರಚಿದಳು. ಕೋಳಿಗಳ ಜೊತೆಗೆ ಕಾಲುವೆಯ ಬಾತುಗಳೂ ಓಡಿ ಬಂದವು.

“ಅಸ್ಮತಕ್ಕ, ಬಾತುಗಳಿಗೂ ದಾವತ್ತಾ?”

“ಬರ್ತವೆ, ತಿಂತವೆ. ಅನ್ನ ಬಿಸಾಕೋಕಾಗುತ್ತಾ?”

ಜ್ವರ ಬರುವುದೇ ಈ ಬಾತುಗಳಂಥ ಕಾಡು ನೀರುಹಕ್ಕಿಗಳಿಂದ, ಅವುಗಳ ಹಿಕ್ಕೆಯಿಂದ ಎಂದು ಸುಪ್ರೀತಾ ಹೇಳಿದಳು. ಗೂಡಿನ ಅಂಗಳಕ್ಕೆ ಮೇಲೆ ಛಾವಣಿ, ಸುತ್ತ ಬಲೆ ಇರಬೇಕು. ಕಾಳು, ನೀರು ಒಳಗೇ ಇಡಬೇಕು. ಅಡುಗೆಮನೆಯಲ್ಲಿ ಉಳಿದದ್ದನ್ನು ಕೋಳಿಗೆ ಹಾಕುವುದು ಈ ದೇಶದಲ್ಲಿ ನಿಷಿದ್ಧ. ಎಷ್ಟು ಕೋಳಿ, ಗೂಡು ಎಲ್ಲಿ, ಹುಂಜ ಇರಬಹುದೇ ಎಂಬುದು ಊರಿಂದ ಊರಿಗೆ ಬೇರೆ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಬೇಕು.

“ಕೇಳಿದ್ರೆ ಬೇಡ ಅಂದ್ಬಿಡ್ತಾರಮ್ಮ,” ಎಂದ ಜಲಾಲ್.

“ಜಲಾಲ್ ಭಾಯ್, ಅದು ನಮ್ಮೂರಿನ ಆಫೀಸ್ ಭಯ. ಇಲ್ಲಿ ಬೇಡ ಅಂದ್ರೂ ಯಾಕೆ ಅಂತ ಹೇಳ್ತಾರೆ. ಕೇಳದೇ ಇದ್ರೆ ನಿಮಗೆ ನೀವೇ ದಿನಾ ಬೇಡ ಅಂದ್ಕೊಂಡಂಗೆ.”

ಅಸ್ಮತ್ ಕೋಳಿಗಳನ್ನೇ ನೋಡುತ್ತಿದ್ದಳು.

ಸೋಮವಾರ ಜಲಾಲ್ ಗೆಮೆಂಟೆಗೆ, ಅಂದರೆ ನಗರಸಭೆಗೆ, ಫೋನ್ ಮಾಡಿದ. ಆ ಕಡೆಯ ಹೆಂಗಸು ಕೋಳಿಗಳ ಬಣ್ಣ ಯಾವುದೆಂದೂ ಕೇಳಿದಳು. ನಾಲ್ಕು ಹೇಂಟೆಗೆ ಅಡ್ಡಿಯಿಲ್ಲ, ನೆರೆಯವರಿಗೆ ವಾಸನೆ ಸದ್ದುಗಳ ತೊಂದರೆಯಾಗಬಾರದು, ಹಕ್ಕಿಜ್ವರ ಇರುವಷ್ಟು ದಿನ ಛಾವಣಿಯಡಿ ಇರಲಿ ಎಂದಳು. ಮನೆ ಮಾಲೀಕರೂ ಒಪ್ಪಿದರು. ಶನಿವಾರ ಪಕ್ಕದ ಅಜ್ಜಿ ಏಣಿ ಹಿಡಿದುಕೊಂಡು ಬಂದಳು. ಅಸ್ಮತ್ ಇಬ್ಬರಿಗೂ ಅಪ್ಪಣೆ ಕೊಡುತ್ತಾ, ತಪ್ಪಿದಾಗ ಬೈಯುತ್ತಾ ಛಾವಣಿ ಹಾಕಿಸಿದಳು. ಕೆಲಸ ಮುಗಿದಾಗ “ಅಮ್ಮ ಇದ್ದಿದ್ರೆ ಇದನ್ನ ತೋರಿಸ್ತಿದ್ದೆ,” ಎಂದಳು. ಮೇ ತಿಂಗಳಿಂದ ಈಚೆಗೆ ಅಮ್ಮನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಆ ಅಜ್ಜಿಗೆ, ಸುಪ್ರೀತಾಳಿಗೆ, ಫೋನಿನ ಆ ಹೆಂಗಸಿಗೆ ಜಲಾಲ್ ಮನಸ್ಸಿನಲ್ಲೇ ಕೈ ಮುಗಿದ.

ನೀವೂ ಕೋಳಿ ಸಾಕುವವರಾದರೆ ನಿಮ್ಮ ನಗರಸಭೆಯನ್ನು ಮೊದಲೇ ಕೇಳಿ. ನೆರೆಯವರಿಗೂ ಒಂದು ಮಾತು ಹೇಳಿ. ಉಳಿದ ಅನ್ನ ಹಾಕಬೇಡಿ, ಕೋಳಿಕಾಳು ತನ್ನಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಿಯಮ ಇರುವುದು ನಿಮ್ಮ ಕೋಳಿ ಉಳಿಯಲಿ ಎಂದೇ.

ಸುಪ್ರೀತಾ ಬರುವ ಹಿಂದಿನ ದಿನ, ನಾಲ್ಕೂ ಕೋಳಿಗಳನ್ನು ಕೊಟ್ಟುಬಿಡುತ್ತೇನೆಂದು ಐಂಡ್‌ಹೋವನ್ ಊರಿನ ಒಬ್ಬರಿಗೆ ಮಾತು ಕೊಟ್ಟು, ಆಮೇಲೆ ಅದನ್ನು ಹಿಂತೆಗೆದುಕೊಂಡದ್ದನ್ನು ಜಲಾಲ್ ಅಸ್ಮತ್‌ಗೆ ಎಂದೂ ಹೇಳಲಿಲ್ಲ.