ಹನ್ನೆರಡನೆಯ ಮರ

ಹನ್ನೊಂದು ದಾಳಿಂಬೆ ಮರಗಳ ಹಣ್ಣುಗಳು ದುಂಡಗೆ, ಕೆಂಪಗೆ, ಬಾಯಿ ಮುಚ್ಚಿಕೊಂಡಿದ್ದವು. ಹನ್ನೆರಡನೆಯದರವು ಮಾತ್ರ ಅಡ್ಡಡ್ಡ ಸೀಳಿ ಹಲ್ಲು ಕಿರಿಯುತ್ತಿದ್ದವು. ಸೊಸೆ ಆ ಮರಕ್ಕೆ ಎರಡು ಸುತ್ತು ಬಂದಳು. ಹಿಂದೆ ಕೈಕಟ್ಟಿ ನಿಂತಿದ್ದ ಮಾವ ಗಂಟಲು ಸರಿಮಾಡಿಕೊಂಡರು.

ಇವತ್ತು ತೀರ್ಮಾನದ ದಿನ. ಬಾವಿಯ ನೀರು ಇಡೀ ತೋಟಕ್ಕೆ ಸಾಲದು, ಹಿಂದಿನ ನಲವತ್ತು ಮರ ಕಡಿಸಿಬಿಡೋಣ ಎಂದು ಮಾವ ಬೇಸಿಗೆಗೆ ಮುಂಚೆಯೇ ಹೇಳಿದ್ದರು. ಆ ನಲವತ್ತನ್ನು ನೆಟ್ಟವರೂ ಅವರೇ, ಕಡಿಸೋಣ ಎಂದ ದಿನ ಊಟ ಬಿಟ್ಟವರೂ ಅವರೇ. ಸೊಸೆ ಒಂದು ಬೆಳೆಯ ಮಟ್ಟಿಗೆ ಮುಂದಿನ ಸಾಲಿನ ಹನ್ನೆರಡು ಮರ ಕೇಳಿದಳು. ಬುಡಕ್ಕೆ ಸುತ್ತಿದ್ದ ಹನಿ ನೀರಿನ ಪೈಪನ್ನು ಕೊಂಬೆಯ ತುದಿಯ ನೇರಕ್ಕೆ ಸರಿಸಿದಳು, ಮಣ್ಣಿಗೆ ಒಣಹುಲ್ಲು ಹೊದಿಸಿದಳು, ನೀರನ್ನು ಅರ್ಧಕ್ಕಿಳಿಸಿದಳು. ಹಣ್ಣು ಚೆನ್ನಾಗಿ ಬಂದರೆ ಇಡೀ ತೋಟಕ್ಕೆ ಅದೇ ಕ್ರಮ, ಕೊಡಲಿಯ ಮಾತಿಲ್ಲ. ಕೆಟ್ಟರೆ ಅವಳು ತುಟಿ ಪಿಟಕ್ಕೆನ್ನಬಾರದು. ನೆಂಟರನ್ನು ಒಳಗೆ ಕೂರಿಸಿ ಬೀದಿಯಲ್ಲಿ ಬಡಿಸಿದ ಹಾಗಾಯಿತು ಎಂದು ಮಾವ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ನೀರು ಕುಡಿಯುವ ಎಳೆಬೇರು ಹೆಚ್ಚಿರುವುದು ಕೊಂಬೆಯ ತುದಿಯ ಕೆಳಗೇ ಎಂದು ಸೊಸೆ ಹೇಳಿದರೆ, ನೀನೇನು ಇಳಿದು ನೋಡಿ ಬಂದೆಯಾ ಎಂದು ಕೇಳಿದರು.

"ಮಾವ, ನೀರು ಕಮ್ಮಿ ಅಂತ ಹೀಗೆ ಒಡೆದಿಲ್ಲ ಇದು," ಎಂದಳು ಸೊಸೆ. "ನಾಲ್ಕು ದಿನ ಒಣಗಿಸಿ ಒಂದಿನ ಸುರಿದ್ರೆ ಒಡೆಯತ್ತೆ."

ಮಾವ ಆಕಾಶ ನೋಡಿದರು. ಆರು ತಿಂಗಳಿಂದ ಅಲ್ಲಿ ಒಂದು ಮೋಡವೂ ಸುಳಿದಿರಲಿಲ್ಲ. ತಪ್ಪು ಹೊರಿಸಲು ಯಾರೂ ಸಿಗಲಿಲ್ಲ.

ಅವಳು ಬುಡದ ಹುಲ್ಲು ಸರಿಸಿದಳು. ಮಣ್ಣಿನ ಮೇಲೆ ಬಕೆಟ್ಟಿನ ತಳದ ದುಂಡನೆಯ ಅಚ್ಚುಗಳು, ಒಂದರ ಮೇಲೊಂದು.

ತಿಂಡಿ ತಂದಿದ್ದ ಅತ್ತೆ ಬಗ್ಗಿ ನೋಡಿದರು. "ಇವರು ಸ್ನಾನಕ್ಕೆ ಹೋದವರು ನಾಲ್ಕೈದು ದಿನಕ್ಕೊಮ್ಮೆ ಒಣಗಿದ ತಲೇಲಿ ಆಚೆ ಬರ್ತಿದ್ರು. ವಯಸ್ಸಾಯ್ತು, ನೆನೆದ್ರೆ ಶೀತ ಆಗತ್ತೆ ಅಂತಿದ್ರು. ಸ್ನಾನದ ನೀರೆಲ್ಲ ಇಲ್ಲಿಗೆ ಬರ್ತಿತ್ತು ಅನ್ನು."

"ಮಧ್ಯಾಹ್ನ ಈ ಮರ ಎಲೆ ಮುದುಡಿಕೊಂಡು ನನ್ನನ್ನೇ ನೋಡೋದಮ್ಮ," ಎಂದರು ಮಾವ, ಸೊಸೆಯತ್ತ ತಿರುಗದೆ. "ನೀನು ಸೋಲಲಿ ಅಂತ ಹಾಕಿದ್ದಲ್ಲ. ಎಲ್ಲಿ ಸೋತುಬಿಡ್ತೀಯೋ ಅಂತ ಹಾಕಿದ್ದು."

ಅತ್ತೆ ತಿಂಡಿಯ ಡಬ್ಬಿಯನ್ನು ನೆಲಕ್ಕಿಟ್ಟು ಕೂತು ನಕ್ಕರು. ಸೊಸೆ ನಗಬಾರದೆಂದು ತುಟಿ ಕಚ್ಚಿಕೊಂಡು, ಆಗದೆ, ಅವರ ಪಕ್ಕದಲ್ಲೇ ಕುಸಿದಳು. ಮಾವ ಒಡೆದ ಹಣ್ಣೊಂದನ್ನು ಕಿತ್ತು ಮೂರು ಪಾಲು ಮಾಡಿ ಹಂಚಿದರು. ಪೇಟೆಯ ಮುಖ ಕಾಣದ ಹಣ್ಣು, ಸಿಹಿಗೇನೂ ಕೊರತೆಯಿರಲಿಲ್ಲ.

ಅವರಿಬ್ಬರೂ ಬೆರಳು ಒರೆಸಿಕೊಳ್ಳುವಷ್ಟರಲ್ಲಿ ಮಾವ ಹಿಂದಿನ ನಲವತ್ತರ ಮೊದಲ ಮರದ ಬುಡದಿಂದ ಪೈಪು ಬಿಡಿಸಿಯಾಗಿತ್ತು. ಎಷ್ಟು ದೂರಕ್ಕೆ ಎಳೆಯಬೇಕು ಎಂದು ಅಲ್ಲಿಂದಲೇ ಕೇಳಿದರು. ನಡುಮಧ್ಯಾಹ್ನ ನೆರಳು ಎಲ್ಲಿ ಮುಗಿಯುವುದೋ ಅಲ್ಲಿಗೆ ಎಂದಳು ಸೊಸೆ.

ಹೊತ್ತು ಇನ್ನೂ ಏರಿರಲಿಲ್ಲ. ಮರದ ನೆರಳು ಒಂದೇ ಕಡೆ ಉದ್ದಕ್ಕೆ ಚಾಚಿತ್ತು. ಮಾವ ಪೈಪಿನ ತುದಿ ಹಿಡಿದು ಕುಕ್ಕರುಗಾಲಲ್ಲಿ ಕೂತರು, ನೆರಳು ಮೆಲ್ಲಗೆ ಮರದ ಕಡೆಗೆ ಸರಿಯುವುದನ್ನೇ ನೋಡುತ್ತ.